ಎಂಜಿನ್ ಏಕೆ ಚಾಲೂ ಆಗುತ್ತಿಲ್ಲ? ಮನೆಯಲ್ಲೇ ಚೈನ್ ಸಾ ಮತ್ತು ಕಳೆ ಯಂತ್ರಗಳ ದುರಸ್ತಿ

ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟದ ಮನೆಗಳಲ್ಲಿ ಇಂದು ಎರಡು ಸಣ್ಣ ಪೆಟ್ರೋಲ್ ಯಂತ್ರಗಳು ಸಾಮಾನ್ಯ. ಒಂದು, ತೋಟದ ಮತ್ತು ಬೇಣದ ಹುಲ್ಲು ಸವರುವ ಕಳೆ ಕೊಚ್ಚುವ ಯಂತ್ರ. ಇನ್ನೊಂದು, ಮರ ಕೊಯ್ಯುವ ಚೈನ್ ಸಾ, ಅಂದರೆ ಸರಪಳಿ ಗರಗಸ. ಮಳೆಗಾಲದ ಗಾಳಿಗೆ ಮರ ಬಿದ್ದು ದಾರಿ ಮುಚ್ಚಿದ ದಿನ ಅಟ್ಟದಲ್ಲಿದ್ದ ಗರಗಸವನ್ನು ಇಳಿಸುತ್ತಾರೆ. ಹಗ್ಗ ಎಳೆಯುತ್ತಾರೆ. ಇಪ್ಪತ್ತು ಸಲ ಎಳೆದರೂ ಎಂಜಿನ್ ಸದ್ದು ಮಾಡುವುದಿಲ್ಲ. ಆಮೇಲೆ ನಡೆಯುವುದು ನಿಮಗೆ ಗೊತ್ತೇ ಇದೆ. ಸ್ಕ್ರೂ ಡ್ರೈವರ್ ಹಿಡಿದು ಕಣ್ಣಿಗೆ ಕಂಡ ತಿರುಪುಗಳನ್ನೆಲ್ಲ ತಿರುಗಿಸುವುದು! ಬೆಳಿಗ್ಗೆ ಒಂದೇ ದೋಷವಿದ್ದ ಯಂತ್ರದಲ್ಲಿ ಸಂಜೆಗೆ ಮೂರು ದೋಷಗಳಿರುತ್ತವೆ.

ಸಣ್ಣ ಎಂಜಿನ್‌ನ ದುರಸ್ತಿಗೆ ದುಬಾರಿ ಉಪಕರಣಗಳು ಬೇಕಿಲ್ಲ. ಬೇಕಾದದ್ದು ತರಗತಿಯಲ್ಲಿ ನಾವು ಕಲಿಯುವ, ಕಲಿಸುವ ವಿಧಾನವೇ: ಗಮನಿಸುವುದು, ಕಾರಣವನ್ನು ಊಹಿಸುವುದು, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಪರೀಕ್ಷಿಸುವುದು. ಇದನ್ನು ಪಾಲಿಸಿದರೆ ಹೆಚ್ಚಿನ ದೋಷಗಳು ಮನೆಯ ಜಗಲಿಯಲ್ಲೇ ಪತ್ತೆಯಾಗುತ್ತವೆ. ಪಾಲಿಸದಿದ್ದರೆ ಪಿಸ್ಟನ್ ಹೋಗುತ್ತದೆ, ಕೆಲವೊಮ್ಮೆ ಬೆರಳೂ ಹೋಗುತ್ತದೆ.

ಎರಡು ಹೊಡೆತದ ಎಂಜಿನ್

ಚೈನ್ ಸಾಗಳಲ್ಲಿ ಮತ್ತು ಬಹಳಷ್ಟು ಕಳೆ ಯಂತ್ರಗಳಲ್ಲಿ ಇರುವುದು ಟೂ ಸ್ಟ್ರೋಕ್ ಎಂಜಿನ್, ಅಂದರೆ ಎರಡು ಹೊಡೆತದ ಎಂಜಿನ್. ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಚಲಿಸಿದರೆ ಒಂದು ಆವರ್ತ ಮುಗಿಯುತ್ತದೆ. ಪಿಸ್ಟನ್ ಮೇಲೇರುವಾಗ ತಲೆಯ ಮೇಲಿನ ಮಿಶ್ರಣವನ್ನು ಒತ್ತುತ್ತದೆ. ಅದೇ ಹೊತ್ತಿಗೆ ಅದರ ಕೆಳಗಿರುವ ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಒತ್ತಡ ಇಳಿದು, ಕಾರ್ಬ್ಯುರೇಟರ್‌ನಿಂದ ಹೊಸ ಮಿಶ್ರಣ ಒಳಗೆ ಬರುತ್ತದೆ. ಕಿಡಿ ಹಾರಿ ಪಿಸ್ಟನ್ ಕೆಳಗಿಳಿಯುವಾಗ ಹೊಗೆ ಹೊರಹೋಗುವ ಕಿಂಡಿ ಮೊದಲು ತೆರೆಯುತ್ತದೆ. ಅನಂತರ ಪಕ್ಕದ ಕಿಂಡಿಗಳ ಮೂಲಕ ಹೊಸ ಮಿಶ್ರಣ ಮೇಲಕ್ಕೆ ನುಗ್ಗುತ್ತದೆ. ಕ್ರ್ಯಾಂಕ್ ಪೆಟ್ಟಿಗೆಯನ್ನೇ ಪಂಪಿನಂತೆ ಬಳಸುವ ಈ ವಿನ್ಯಾಸ ಇಂಗ್ಲೆಂಡಿನ ಜೋಸೆಫ್ ಡೇ ಅವರದು. 1891ರ ಹೊತ್ತಿಗೆ ಅದು ರೂಪುಗೊಂಡಿತ್ತು.

ಈ ವಿನ್ಯಾಸದಿಂದ ಎರಡು ಪರಿಣಾಮಗಳು ಹುಟ್ಟುತ್ತವೆ. ಮೊದಲನೆಯದು, ಕ್ರ್ಯಾಂಕ್ ಪೆಟ್ಟಿಗೆ ಮಿಶ್ರಣದ ದಾರಿಯಾದ್ದರಿಂದ ಅಲ್ಲಿ ಎಣ್ಣೆ ತುಂಬಿಡುವಂತಿಲ್ಲ. ಹಾಗಾಗಿ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಎರಡನೆಯದು, ಆ ಪೆಟ್ಟಿಗೆಯ ಸೀಲು ಅಥವಾ ಗ್ಯಾಸ್ಕೆಟ್ ಎಲ್ಲಿ ಸೋರಿದರೂ ಬೇಡದ ಗಾಳಿ ಒಳಗೆ ಸೇರಿ ಮಿಶ್ರಣ ಕೆಡುತ್ತದೆ.

ವೇಗವನ್ನೂ ಊಹಿಸಿಕೊಳ್ಳಿ. ಕೊಯ್ಯುವಾಗ ಗರಗಸದ ಎಂಜಿನ್ ನಿಮಿಷಕ್ಕೆ ಸುಮಾರು 9,000 ಸುತ್ತು ತಿರುಗುತ್ತದೆ ಎಂದುಕೊಳ್ಳೋಣ. ಸೆಕೆಂಡಿಗೆ 150 ಸುತ್ತು, ಪ್ರತಿ ಸುತ್ತಿಗೂ ಒಂದು ದಹನ. ಮಿಶ್ರಣ ಬರುವುದು, ಒತ್ತುವುದು, ಉರಿಯುವುದು, ಹೊಗೆ ಹೊರಹೋಗುವುದು ಎಲ್ಲವೂ ಸೆಕೆಂಡಿನ 150ನೇ ಒಂದು ಭಾಗದಲ್ಲಿ ಮುಗಿಯಬೇಕು. ಪೆಟ್ರೋಲ್ ದಾರಿಯಲ್ಲಿ ಕೂದಲೆಳೆಯಷ್ಟು ಕಸ ಸಿಕ್ಕಿಕೊಂಡರೂ ಯಂತ್ರ ಮೊಂಡು ಹಿಡಿಯುವುದು ಇದಕ್ಕೇ.

ಕೆಲವು ಕಳೆ ಯಂತ್ರಗಳಲ್ಲಿ ಫೋರ್ ಸ್ಟ್ರೋಕ್ ಎಂಜಿನ್ ಇರುತ್ತದೆ. ಎಣ್ಣೆ ತುಂಬಲು ಪ್ರತ್ಯೇಕ ಮುಚ್ಚಳವಿದ್ದರೆ ಅದು ಫೋರ್ ಸ್ಟ್ರೋಕ್ ಎಂದು ತಿಳಿಯಿರಿ. ಅದಕ್ಕೆ ಹಾಕಬೇಕಾದದ್ದು ಬರೀ ಪೆಟ್ರೋಲ್. ಎರಡೂ ಬಗೆಯ ಯಂತ್ರಗಳಿರುವ ಮನೆಯಲ್ಲಿ ಪೆಟ್ರೋಲ್ ಡಬ್ಬಿಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆದಿಡಿ. ಟೂ ಸ್ಟ್ರೋಕ್ ಎಂಜಿನ್‌ಗೆ ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಅದರ ಆಯುಸ್ಸು ಮುಗಿಯುತ್ತದೆ.

ಮೊದಲು ಸುರಕ್ಷತೆ

ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್‌ನ ಟೋಪಿಯನ್ನು ಕಳಚಿಡಿ. ಬಾರ್, ಸರಪಳಿ ಅಥವಾ ಅಲಗನ್ನು ಬಿಚ್ಚಿಡಿ. ಎಂಜಿನ್ ತಣ್ಣಗಾಗಲಿ. ಕೆಲಸ ಬಯಲಿನಲ್ಲಿ ಅಥವಾ ಗಾಳಿಯಾಡುವ ಜಗಲಿಯಲ್ಲಿ ನಡೆಯಲಿ. ಬಚ್ಚಲೊಲೆ, ದೇವರ ದೀಪ, ಬೀಡಿ ಯಾವುದೂ ಹತ್ತಿರವಿರಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ದೂರದ ಬೆಂಕಿಯನ್ನೂ ತಲುಪಬಲ್ಲದು. ವಿದ್ಯಾರ್ಥಿಗಳು ಹಿರಿಯರು ಜೊತೆಯಲ್ಲಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರೆ ಮರಳಿ ಜೋಡಿಸುವಾಗ ಗೊಂದಲವಿಲ್ಲ.

ಕೇಳಬೇಕಾದ ಮೂರು ಪ್ರಶ್ನೆಗಳು

ಎಂಜಿನ್ ಚಾಲೂ ಆಗಲು ಕಿಡಿ ಇರಬೇಕು, ಸರಿಯಾದ ಮಿಶ್ರಣ ಬರಬೇಕು, ಅದು ಸಾಕಷ್ಟು ಒತ್ತಿಸಿಕೊಳ್ಳಬೇಕು. ಯಾವುದು ಇಲ್ಲ ಎಂದು ತಿಳಿಯುವ ಮೊದಲು ಏನನ್ನೂ ಬಿಚ್ಚಬೇಡಿ.

ಕಿಡಿ ಇದೆಯೇ? ಪ್ಲಗ್ ತೆಗೆದು ಅದರ ಮೂತಿಯನ್ನು ನೋಡಿ. ಅದು ಎಂಜಿನ್‌ನ ನಾಲಗೆ ಇದ್ದಂತೆ. ತಿಳಿ ಕಂದು ಬಣ್ಣ ಆರೋಗ್ಯದ ಲಕ್ಷಣ. ಎಣ್ಣೆಯಾದ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಅಥವಾ ಎಣ್ಣೆ ಹೆಚ್ಚಾಗಿದೆ. ಬೂದಿಯಂತೆ ಬಿಳಿಚಿದ್ದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಅತಿಯಾಗಿ ಕಾದಿದೆ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಹಲವು ಸಲ ಎಳೆದ ಮೇಲೂ ಒಣಗಿದ್ದರೆ ಪೆಟ್ರೋಲ್ ಬರುತ್ತಲೇ ಇಲ್ಲ.

ಪ್ಲಗ್ ಒರೆಸಿ, ಟೋಪಿ ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕಳದಿಂದ ಅದರ ಲೋಹದ ಮೈಯನ್ನು ಸಿಲಿಂಡರಿನ ರೆಕ್ಕೆಗೆ ತಾಗಿಸಿ ಹಿಡಿಯಿರಿ. ಪ್ಲಗ್ ಕೂರುವ ತೂತನ್ನು ಬಟ್ಟೆಯಿಂದ ಮುಚ್ಚಿ, ಕಿಡಿ ಅದರಿಂದ ದೂರವಿರಲಿ. ಸ್ವಿಚ್ ಆನ್ ಮಾಡಿ ಹಗ್ಗ ಎಳೆದರೆ ಚಟ್ ಎಂಬ ಸದ್ದಿನೊಡನೆ ನೀಲಿ ಕಿಡಿ ಕಾಣಬೇಕು. ಇಲ್ಲಿ ಬ್ಯಾಟರಿ ಇಲ್ಲ ಎಂಬುದನ್ನು ಗಮನಿಸಿ. ಗಾಲಿಯಲ್ಲಿ ಹುದುಗಿಸಿದ ಅಯಸ್ಕಾಂತ ಸುರುಳಿಯ ಮುಂದೆ ಸರಿದಾಗ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ಸಾವಿರಾರು ವೋಲ್ಟ್ ಇರುವುದರಿಂದ ಬರಿಗೈಯಲ್ಲಿ ಪ್ಲಗ್ ಹಿಡಿಯಬೇಡಿ.

ಕಿಡಿ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ. ಅದರ ತುದಿಗಳ ನಡುವಿನ ಅಂತರ ಸಾಮಾನ್ಯವಾಗಿ 0.5ರಿಂದ 0.7 ಮಿ.ಮೀ. ಅನಂತರ ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ತಂತಿ ಎಲ್ಲಾದರೂ ಸವೆದು ಲೋಹಕ್ಕೆ ತಾಗುತ್ತಿದೆಯೇ ಎಂದು ನೋಡಿ. ಕೊನೆಗೆ ಸುರುಳಿ ಮತ್ತು ಗಾಲಿಯ ನಡುವಿನ ಅಂತರ. ಅದು ಬಹುತೇಕ ಯಂತ್ರಗಳಲ್ಲಿ ಸುಮಾರು 0.3 ಮಿ.ಮೀ. ಇರುತ್ತದೆ. ಒಂದು ದಪ್ಪ ವಿಸಿಟಿಂಗ್ ಕಾರ್ಡನ್ನು ನಡುವೆ ಇಟ್ಟು ತಿರುಪು ಬಿಗಿದರೆ ಸಾಕು.

ಮಿಶ್ರಣ ಬರುತ್ತಿದೆಯೇ? ಪ್ಲಗ್‌ನ ತೂತಿನಿಂದ ಎಣ್ಣೆ ಬೆರೆಸಿದ ಪೆಟ್ರೋಲನ್ನು ಏಳೆಂಟು ಹನಿ ಮಾತ್ರ ಸಿಲಿಂಡರಿಗೆ ಬಿಡಿ. ಪ್ಲಗ್ ಬಿಗಿದು, ಚೆಲ್ಲಿದ್ದನ್ನು ಒರೆಸಿ, ಡಬ್ಬಿಯನ್ನು ದೂರವಿಟ್ಟು ಹಗ್ಗ ಎಳೆಯಿರಿ. ಎಂಜಿನ್ ಎರಡು ಮೂರು ಸೆಕೆಂಡು ಓಡಿ ನಿಂತರೆ ಸಂತೋಷಪಡಿ. ಕಿಡಿಯೂ ಒತ್ತಡವೂ ಸರಿ ಇವೆ, ದೋಷ ಪೆಟ್ರೋಲ್ ಬರುವ ದಾರಿಯಲ್ಲಿದೆ ಎಂದು ಈ ಒಂದು ಪರೀಕ್ಷೆ ಹೇಳಿಬಿಟ್ಟಿತು. ಅರ್ಧ ಯಂತ್ರವನ್ನು ಬಿಚ್ಚುವ ಶ್ರಮ ಉಳಿಯಿತು.

ಒತ್ತಡ ಇದೆಯೇ? ಸ್ವಿಚ್ ಆಫ್ ಮಾಡಿ, ಪ್ಲಗ್ ಬಿಗಿದೇ ಇಟ್ಟು, ಗರಗಸವನ್ನು ಹಗ್ಗದ ಹಿಡಿಯಿಂದ ನೆಲಕ್ಕಿಂತ ಒಂದು ಅಡಿ ಎತ್ತರದಲ್ಲಿ ನಿಧಾನವಾಗಿ ತೂಗುಬಿಡಿ. ಒತ್ತಡ ಚೆನ್ನಾಗಿದ್ದರೆ ಅದು ತಡೆದು ತಡೆದು ಇಳಿಯುತ್ತದೆ. ಸರ್ರನೆ ಇಳಿದರೆ ಪಿಸ್ಟನ್, ರಿಂಗ್ ಅಥವಾ ಸಿಲಿಂಡರ್ ಸವೆದಿರಬಹುದು. ಸೈಲೆನ್ಸರ್ ಬಿಚ್ಚಿ ಕಿಂಡಿಯಿಂದ ಟಾರ್ಚ್ ಬಿಟ್ಟು ನೋಡಿ. ಪಿಸ್ಟನ್ ಮೇಲೆ ಉದ್ದುದ್ದ ಗೀರುಗಳಿದ್ದರೆ ಕೆಲಸ ದೊಡ್ಡದು, ಅನುಭವಿ ಮೆಕ್ಯಾನಿಕ್ ಕೈಗೆ ಕೊಡುವುದು ಒಳ್ಳೆಯದು. ಬಿಚ್ಚಿದಾಗಲೇ ಸೈಲೆನ್ಸರಿನ ಜಾಲರಿಯನ್ನೂ ನೋಡಿ. ಅಲ್ಲಿ ಇಂಗಾಲ ಕಟ್ಟಿಕೊಂಡರೆ ಎಂಜಿನ್ ಚಾಲೂ ಆಗುತ್ತದೆ, ಆದರೆ ವೇಗ ಏರುವುದಿಲ್ಲ.

ಮೂರೂ ಸರಿ ಇದ್ದು ಎಂಜಿನ್ ಹಿಂದಕ್ಕೆ ಒದೆಯುತ್ತಿದ್ದರೆ ಕಿಡಿ ಹಾರುವ ಹೊತ್ತು ತಪ್ಪಿರಬಹುದು. ಗಾಲಿಯನ್ನು ದಂಡಕ್ಕೆ ಕೂಡಿಸುವ ಸಣ್ಣ ಕೀಲಿ ತುಂಡಾದರೆ ಹೀಗಾಗುತ್ತದೆ. ಇದು ಅಪರೂಪ.

ಪೆಟ್ರೋಲಿನ ದಾರಿ

ದೋಷ ಪೆಟ್ರೋಲ್ ದಾರಿಯಲ್ಲಿದೆ ಎಂದು ಖಚಿತವಾದರೆ ಅಗ್ಗದ ಕಾರಣದಿಂದ ಶುರುಮಾಡಿ. ಎಂಜಿನ್ ಹತ್ತು ನಿಮಿಷ ಓಡಿ ನಿಂತು, ಟ್ಯಾಂಕಿನ ಮುಚ್ಚಳ ಸಡಿಲಿಸಿದಾಗ ಮತ್ತೆ ಓಡುತ್ತದೆಯೇ? ಹಾಗಾದರೆ ಟ್ಯಾಂಕಿಗೆ ಗಾಳಿ ಹೋಗುವ ರಂಧ್ರ ಕಟ್ಟಿದೆ. ಪೆಟ್ರೋಲ್ ಇಳಿದಂತೆ ಒಳಗೆ ಒತ್ತಡ ಕಡಿಮೆಯಾಗಿ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಅನಂತರ ಟ್ಯಾಂಕಿನೊಳಗಿನ ಫಿಲ್ಟರ್, ಬಿರುಕು ಬಿಟ್ಟ ಕೊಳವೆ, ಗಾಳಿಯ ಫಿಲ್ಟರ್ ನೋಡಿ. ಕಾರ್ಬ್ಯುರೇಟರಿನ ಸರದಿ ಕೊನೆಗೆ.

ಚೈನ್ ಸಾವನ್ನು ಓರೆಯಾಗಿ, ತಲೆಕೆಳಗಾಗಿ ಹಿಡಿದರೂ ಅದು ಓಡುತ್ತದೆ. ಬೈಕಿನಂತೆ ತೇಲುವ ಬುರುಡೆ ಇದ್ದರೆ ಇದು ಸಾಧ್ಯವಿರಲಿಲ್ಲ. ಇದರ ಕಾರ್ಬ್ಯುರೇಟರಿನಲ್ಲಿರುವುದು ಎರಡು ತೆಳು ಪೊರೆಗಳು. ಕ್ರ್ಯಾಂಕ್ ಪೆಟ್ಟಿಗೆಯ ಒತ್ತಡ ಏರಿಳಿದಂತೆ ಒಂದು ಪೊರೆ ಮಿಡಿದು ಟ್ಯಾಂಕಿನಿಂದ ಪೆಟ್ರೋಲ್ ಸೆಳೆಯುತ್ತದೆ. ಇನ್ನೊಂದರ ಹೊರಬದಿಯಲ್ಲಿ ವಾತಾವರಣದ ಒತ್ತಡವಿರುತ್ತದೆ. ಇಕ್ಕಟ್ಟಾದ ಕೊರಳಿನಲ್ಲಿ ಗಾಳಿ ವೇಗವಾಗಿ ಹರಿದಾಗ ಒಳಬದಿಯ ಒತ್ತಡ ಇಳಿದು, ಪೊರೆ ಬಾಗಿ, ಸಣ್ಣ ಸನ್ನೆಯೊಂದನ್ನು ಒತ್ತಿ ಸೂಜಿ ಕವಾಟವನ್ನು ತೆರೆಯುತ್ತದೆ. ಬರ್ನೌಲಿ ತತ್ತ್ವವನ್ನು ಕಣ್ಣಾರೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಳೆಯ ಪೆಟ್ರೋಲಿನಲ್ಲಿ ನೆನೆದು ಒಣಗಿದ ಪೊರೆ ಗಡುಸಾಗುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಚರಚರ ಸದ್ದು ಬಂದರೆ ಬದಲಿಸಿ. ಪೊರೆ, ಸೂಜಿ, ಗ್ಯಾಸ್ಕೆಟ್‌ಗಳು ಒಟ್ಟಿಗೆ ಕಿಟ್ ರೂಪದಲ್ಲಿ ಸಿಗುತ್ತವೆ. ಸಣ್ಣ ರಂಧ್ರಗಳಿಗೆ ಸೂಜಿ, ತಂತಿ ಚುಚ್ಚಬೇಡಿ. ಹಿತ್ತಾಳೆ ಮೆದು, ರಂಧ್ರ ಅಗಲವಾದರೆ ಅಳತೆ ಕೆಟ್ಟಂತೆ. ಪೊರೆಗಳನ್ನು ತೆಗೆದಿಟ್ಟು, ಕ್ಲೀನರ್ ಬಿಟ್ಟು, ಸೈಕಲ್ ಪಂಪಿನಿಂದ ಗಾಳಿ ಹಾಯಿಸಿ. ಹೊಂದಾಣಿಕೆಯ ತಿರುಪನ್ನು ತೆಗೆಯುವ ಮೊದಲು ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತ ಎಷ್ಟು ಸುತ್ತು ಎಂದು ಎಣಿಸಿ ಬರೆದಿಡಿ. ಮರಳಿ ಅಷ್ಟೇ ಸುತ್ತಿಗೆ ನಿಲ್ಲಿಸಿ.

ಮಾಡಿ ನೋಡಿ: ಪೆಟ್ರೋಲಿನಲ್ಲಿ ಎಥನಾಲ್

ನಮ್ಮ ದೇಶದಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟ 2023ರಲ್ಲಿ ಆಯ್ದ ಬಂಕುಗಳಲ್ಲಿ ಆರಂಭವಾಗಿ, 2025ರ ಹೊತ್ತಿಗೆ ಎಲ್ಲೆಡೆ ಹಬ್ಬಿತು. ಆದರೆ ಅನೇಕ ಸಣ್ಣ ಎಂಜಿನ್‌ಗಳ ಕೈಪಿಡಿಗಳು ಶೇ. 10ನ್ನೇ ಮಿತಿಯಾಗಿ ಹೇಳುತ್ತವೆ. ನಿಮ್ಮ ಯಂತ್ರದ ಕೈಪಿಡಿಯನ್ನು ತೆರೆದು ನೋಡಿ.

ಶಿಕ್ಷಕರು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಈ ಪ್ರಯೋಗವನ್ನು ಮಾಡಿ ತೋರಿಸಬಹುದು.

1. ಮುಚ್ಚಳವಿರುವ 100 ಮಿ.ಲೀ. ಅಳತೆಯ ಗಾಜಿನ ಜಾಡಿಗೆ 10 ಮಿ.ಲೀ. ನೀರು ಹಾಕಿ.
2. ಅದರ ಮೇಲೆ ಎಣ್ಣೆ ಬೆರೆಸದ ಪೆಟ್ರೋಲ್ 90 ಮಿ.ಲೀ. ಹಾಕಿ.
3. ಮುಚ್ಚಿ ಅಲುಗಾಡಿಸಿ. ನಡುನಡುವೆ ಮುಚ್ಚಳ ಸಡಿಲಿಸಿ ಆವಿಯನ್ನು ಹೊರಬಿಡಿ.
4. ಹತ್ತು ನಿಮಿಷ ಬಿಟ್ಟು ಕೆಳಗಿನ ಪದರವನ್ನು ಅಳೆಯಿರಿ.

ನೀರು 10 ಮಿ.ಲೀ. ಇದ್ದದ್ದು ಸುಮಾರು 28 ಮಿ.ಲೀ. ಆಗಿದ್ದರೆ, ಹೆಚ್ಚಿದ 18 ಮಿ.ಲೀ. ಎಥನಾಲ್. 90ರಲ್ಲಿ 18 ಎಂದರೆ ಶೇ. 20. ನೀರಿನ ಅಣುಗಳೊಡನೆ ಹೈಡ್ರೊಜನ್ ಬಂಧ ಏರ್ಪಡುವುದರಿಂದ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರನ್ನು ಸೇರುತ್ತದೆ. ಪ್ರಯೋಗ ಮುಗಿದ ಮೇಲೆ ಉಳಿದ ದ್ರವವನ್ನು ಚರಂಡಿಗೆ ಸುರಿಯಬೇಡಿ, ಯಂತ್ರಕ್ಕೂ ಹಾಕಬೇಡಿ.

ಈಗ ಇದೇ ಘಟನೆ ನಿಮ್ಮ ಡಬ್ಬಿಯಲ್ಲಿ ನಡೆದರೆ? ಮುಚ್ಚಳ ಸಡಿಲವಿದ್ದು ಮಳೆನೀರು ಸೇರಿದರೆ ಎಥನಾಲ್ ಮತ್ತು ನೀರು ತಳಕ್ಕಿಳಿಯುತ್ತವೆ. ಎಣ್ಣೆ ಬಹುಪಾಲು ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನೊಳಗಿನ ಫಿಲ್ಟರಿಗೆ ಭಾರ ಕಟ್ಟಿರುವುದರಿಂದ ಅದು ಸದಾ ತಳದಲ್ಲೇ ಇರುತ್ತದೆ. ಎಂದರೆ ಎಂಜಿನ್ ಕುಡಿಯುವುದು ಎಣ್ಣೆ ಇಲ್ಲದ ತಳದ ಪದರವನ್ನು. ಎಣ್ಣೆ ಬೆರೆಸಿಯೇ ಹಾಕಿದ್ದೆ, ಆದರೂ ಪಿಸ್ಟನ್ ಹೋಯಿತು ಎನ್ನುವವರ ದೂರಿಗೆ ಇದೂ ಒಂದು ಕಾರಣವಾಗಿರಬಹುದು.

ಇನ್ನೊಂದು ವಿಷಯ. 1 ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥನಾಲಿಗೆ 9 ಗ್ರಾಂ ಸಾಕು. ಶೇ. 20ರ ಮಿಶ್ರಣಕ್ಕೆ ಸುಮಾರು 13.5 ಗ್ರಾಂ. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರ್ ಮೊದಲಿನಷ್ಟೇ ಗಾಳಿ ಬಿಡುತ್ತದೆ. ಪರಿಣಾಮವಾಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಹೆಚ್ಚು ಬಿಸಿಯಾಗುತ್ತದೆ.

ಇಂಪಾದ ಸದ್ದಿನ ಅಪಾಯ

ತೆಳು ಮಿಶ್ರಣದ ಬೆಲೆ ಏನೆಂದು ನಾನು ಕಲಿತದ್ದು ನಷ್ಟ ಮಾಡಿಕೊಂಡೇ. ಒಮ್ಮೆ ಗರಗಸದ ವೇಗ ಸಾಲದೆನಿಸಿ, ಪೂರ್ಣ ವೇಗದ ತಿರುಪನ್ನು ಒಂದಿಷ್ಟು ಒಳಕ್ಕೆ ತಿರುಗಿಸಿದೆ. ಎಂಜಿನ್ ಒಡಕು ಸದ್ದು ಬಿಟ್ಟು ಒಂದೇ ಶ್ರುತಿಯಲ್ಲಿ ಹಾಡತೊಡಗಿತು. ದುರಸ್ತಿ ಸಾರ್ಥಕವಾಯಿತೆಂದು ಹಿಗ್ಗಿದೆ. ಅರ್ಧ ಗಂಟೆಯ ಬಳಿಕ ದಪ್ಪ ಹಲಸಿನ ಕೊಂಬೆಯ ನಡುವೆ ಅದು ತಟ್ಟನೆ ನಿಂತಿತು. ಹಗ್ಗ ಎಳೆದರೆ ಬರಲೇ ಇಲ್ಲ. ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡಿತ್ತು.

ಕಾರಣವನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಡಿಗ್ರಿ ಸೆಲ್ಸಿಯಸ್ ಉಷ್ಣತೆ ಏರಿದರೆ ಅಲ್ಯೂಮಿನಿಯಂ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 23 ಭಾಗದಷ್ಟು ಹಿಗ್ಗುತ್ತದೆ. ರೆಕ್ಕೆಗಳಿಗೆ ಗಾಳಿ ಬೀಸುವುದರಿಂದ ಸಿಲಿಂಡರ್ ತಣಿಯುತ್ತದೆ. ಪಿಸ್ಟನ್‌ಗೆ ಆ ಅನುಕೂಲವಿಲ್ಲ. 45 ಮಿ.ಮೀ. ವ್ಯಾಸದ ಪಿಸ್ಟನ್ ಸಿಲಿಂಡರಿಗಿಂತ 100 ಡಿಗ್ರಿ ಹೆಚ್ಚು ಕಾದರೆ ಸುಮಾರು 0.1 ಮಿ.ಮೀ. ಹೆಚ್ಚು ಹಿಗ್ಗುತ್ತದೆ. ಎರಡರ ನಡುವೆ ಇರುವ ಎಡೆ ಅದಕ್ಕಿಂತ ಕಡಿಮೆ. ಪೆಟ್ರೋಲ್ ಕಡಿಮೆಯಾದರೆ ಅದರೊಡನೆ ಬರುವ ಎಣ್ಣೆಯೂ ಕಡಿಮೆ. ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ಉಜ್ಜಿದಾಗ ಮೆದುವಾದ ಅಲ್ಯೂಮಿನಿಯಂ ಬಳಿದುಕೊಂಡುಬಿಡುತ್ತದೆ.

ಆ ಒಡಕು ಸದ್ದು ದೋಷವಾಗಿರಲಿಲ್ಲ. ಹೊರೆಯಿಲ್ಲದೆ ಪೂರ್ಣ ವೇಗದಲ್ಲಿರುವಾಗ ಮಿಶ್ರಣ ತುಸು ದಟ್ಟವಾಗಿದೆ ಎಂಬುದರ ಗುರುತದು. ಹೊರೆ ಬಿದ್ದಾಗ ತಾನಾಗಿ ಮಾಯವಾಗುತ್ತಿತ್ತು. ಪೂರ್ಣ ವೇಗದ ತಿರುಪನ್ನು ಬರೀ ಕಿವಿಯ ಭರವಸೆಯ ಮೇಲೆ ತಿರುಗಿಸಬೇಡಿ. ಕೈಪಿಡಿಯ ಅಳತೆಗೆ ನಿಲ್ಲಿಸಿ.

ಎಣ್ಣೆಯ ಅಳತೆಯಲ್ಲೂ ಅಂದಾಜು ಸಲ್ಲದು. 50:1 ಎಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ., 25:1 ಎಂದರೆ 40 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ. ಔಷಧದ ಅಂಗಡಿಯ ಪ್ಲಾಸ್ಟಿಕ್ ಸಿರಿಂಜ್ ಅಳೆಯಲು ಅನುಕೂಲ. ಬೈಕಿನಿಂದ ಇಳಿಸಿದ ಹಳೆಯ ಎಣ್ಣೆಯನ್ನು ಎಂದೂ ಬಳಸಬೇಡಿ.

ದೋಷ ಎಂಜಿನ್‌ನಲ್ಲೇ ಇದೆಯೇ?

ಎಂಜಿನ್ ಬಿಸಿಯಾಗುತ್ತದೆ, ಶಕ್ತಿಯಿಲ್ಲ ಎಂಬ ದೂರಿನ ಹಿಂದೆ ಮೊಂಡಾದ ಸರಪಳಿ ಇರಬಹುದು. ಕೊಯ್ದಾಗ ಸಣ್ಣ ಚಕ್ಕೆಗಳು ಬೀಳಬೇಕು. ಹಿಟ್ಟಿನಂಥ ಪುಡಿ ಬಿದ್ದರೆ ಹಲ್ಲು ಮೊಂಡಾಗಿದೆ. ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವರು 1946ರಲ್ಲಿ ಮರ ಕೊರೆಯುವ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ಕಚ್ಚುತ್ತ ಸಾಗುವುದನ್ನು ಗಮನಿಸಿ, ಅದರ ದವಡೆಯ ಮಾದರಿಯಲ್ಲಿ ಸರಪಳಿಯ ಹಲ್ಲನ್ನು ರೂಪಿಸಿದರು. ಇಂದಿನ ಸರಪಳಿಗಳಲ್ಲೂ ಎಡ ಹಲ್ಲು, ಬಲ ಹಲ್ಲುಗಳು ಸರದಿಯಾಗಿರುತ್ತವೆ. ಸರಪಳಿಯ ಅಳತೆಗೆ ತಕ್ಕ ದುಂಡು ಅರದಿಂದ ಎಲ್ಲ ಹಲ್ಲುಗಳನ್ನೂ ಒಂದೇ ಕೋನದಲ್ಲಿ, ಸಮಾನ ಸಲ ಉಜ್ಜಿ. ಒಂದು ಬದಿ ಹೆಚ್ಚು ಉಜ್ಜಿದರೆ ಗರಗಸ ವಕ್ರವಾಗಿ ಕೊಯ್ಯುತ್ತದೆ. ಹಲ್ಲಿನ ಮುಂದಿರುವ ಗುಬ್ಬಿ ಸಾಮಾನ್ಯವಾಗಿ ಹಲ್ಲಿಗಿಂತ 0.65 ಮಿ.ಮೀ. ತಗ್ಗಿರಬೇಕು. ಇನ್ನೂ ತಗ್ಗಿಸಿದರೆ ಗರಗಸ ಮರವನ್ನು ಕಚ್ಚಿ ಮೈಮೇಲೆ ಹಾರಬಹುದು.

ಎಕ್ಸಲರೇಟರ್ ಬಿಟ್ಟಾಗ ಸರಪಳಿ ನಿಲ್ಲಲೇಬೇಕು. ಕ್ಲಚ್ಚಿನ ತುಂಡುಗಳು ಹೊರಕ್ಕೆ ಸರಿಯುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನಿಮಿಷಕ್ಕೆ 2,800 ಸುತ್ತಿನಿಂದ 9,000ಕ್ಕೆ ಹೋದರೆ ಬಲ ಹತ್ತು ಪಟ್ಟಾಗುತ್ತದೆ. ನಿಧಾನ ವೇಗದಲ್ಲಿ ಸ್ಪ್ರಿಂಗ್ ಅವನ್ನು ಹಿಡಿದಿಡಬೇಕು. ಆಗಲೂ ಸರಪಳಿ ತಿರುಗುತ್ತಿದ್ದರೆ ನಿಧಾನ ವೇಗದ ಹೊಂದಾಣಿಕೆ ತಪ್ಪಿದೆ ಅಥವಾ ಸ್ಪ್ರಿಂಗ್ ಸೋತಿದೆ. ವೇಗವನ್ನು ತಗ್ಗಿಸಿದ ಮೇಲೂ ಅದು ಏರುತ್ತ ಇಳಿಯುತ್ತ ಇದ್ದರೆ ಕ್ರ್ಯಾಂಕ್ ಪೆಟ್ಟಿಗೆಯ ಸೀಲನ್ನು ಸಂಶಯಿಸಿ. ಸರಪಳಿ ನಿಲ್ಲದ ಯಂತ್ರವನ್ನು, ಸರಪಳಿಯ ಬ್ರೇಕ್ ಕೆಲಸ ಮಾಡದ ಯಂತ್ರವನ್ನು ಎಷ್ಟೇ ತುರ್ತಿದ್ದರೂ ಕೆಲಸಕ್ಕೆ ಒಯ್ಯಬೇಡಿ. ಕೊಯ್ಯುವ ವೇಗದಲ್ಲಿ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಕೈ ಹಿಂದೆಗೆಯಲು ಅದು ಸಮಯ ಕೊಡುವುದಿಲ್ಲ.

ಅಟ್ಟಕ್ಕೆ ಏರಿಸುವ ಮುನ್ನ

ಯಂತ್ರವನ್ನು ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ತೆಗೆಯಿರಿ. ಉಳಿದದ್ದು ಖಾಲಿಯಾಗಿ ನಿಲ್ಲುವವರೆಗೆ ಎಂಜಿನ್ ಅನ್ನು ನಿಧಾನ ವೇಗದಲ್ಲಿ ಓಡಿಸಿ. ಗಾಳಿಯ ಫಿಲ್ಟರ್ ಮತ್ತು ಸಿಲಿಂಡರಿನ ರೆಕ್ಕೆಗಳ ನಡುವಿನ ಕಸ ತೆಗೆಯಿರಿ. ಎಣ್ಣೆ ಬೆರೆಸಿದ ಪೆಟ್ರೋಲನ್ನು ತಿಂಗಳಿಗೆ ಬೇಕಾದಷ್ಟೇ ತಯಾರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ದಿನಾಂಕ ಬರೆಯಿರಿ.

ಶಿಕ್ಷಕರಿಗೆ ಒಂದು ಸಲಹೆ. ಊರಿನ ಮೆಕ್ಯಾನಿಕ್ ಬಳಿ ಗುಜರಿಗೆ ಹೋಗಲಿರುವ ಒಂದು ಸಣ್ಣ ಎಂಜಿನ್ ಕೇಳಿ ತನ್ನಿ. ಪೆಟ್ರೋಲ್ ತೆಗೆದು ಚೆನ್ನಾಗಿ ಒಣಗಿಸಿದ ಮೇಲೆ ಮಕ್ಕಳ ಕೈಗೆ ಕೊಡಿ. ವಿದ್ಯುತ್ಕಾಂತೀಯ ಪ್ರೇರಣೆ, ಬರ್ನೌಲಿ ತತ್ತ್ವ, ಉಷ್ಣದ ಹಿಗ್ಗುವಿಕೆ, ದಹನ ಎಲ್ಲವನ್ನೂ ಅವರು ಒಂದೇ ಮೇಜಿನ ಮೇಲೆ ಮುಟ್ಟಿ ನೋಡಬಹುದು. ಅದಕ್ಕಿಂತ ಮುಖ್ಯವಾದದ್ದು, ಮುಂದೆ ಅವರ ಮನೆಯ ಯಂತ್ರ ಕೆಟ್ಟಾಗ ಸ್ಕ್ರೂ ಡ್ರೈವರ್ ಹುಡುಕುವ ಮೊದಲು ಅವರು ಪ್ಲಗ್ ತೆಗೆದು ನೋಡುತ್ತಾರೆ.